ಹುಲಿಯ ಒಪ್ಪಿಗೆ ಕೇಳಲು ಹೋದೆವು

ದುಮ್ಮವಾಡ

ಥೈಲ್ಯಾಂಡಿಗೆ ಕೆಲವರು ಸಮುದ್ರ ನೋಡಲು ಹೋಗುತ್ತಾರೆ, ಕೆಲವರು ಸಾಮಾನು ಕೊಳ್ಳಲು ಹೋಗುತ್ತಾರೆ, ಇನ್ನು ಕೆಲವರು ಮನೆಯಲ್ಲಿ ಹೇಳಲಾಗದ ಕಾರಣಕ್ಕೆ ಹೋಗುತ್ತಾರೆ ಎಂದು ಕೇಳಿದ್ದೇನೆ. ನಾವು ಗಂಡಹೆಂಡತಿ ಹೋದದ್ದು ಒಂದು ಹುಲಿಯ ಒಪ್ಪಿಗೆ ಕೇಳಲು. ಪಾಸ್‌ಪೋರ್ಟ್ ಕಚೇರಿಯಲ್ಲಿ ಮಾತ್ರ ಈ ಸಂಗತಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಮ್ಮನ್ನು ಬೇರೆ ಕಡೆಗೇ ಕಳಿಸುತ್ತಿದ್ದರು.

ನಮ್ಮ ಮನೆಯವರ ಹೆಸರು ಫಕ್ಕೀರಪ್ಪ. ಅವರಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ನಮ್ಮ ಅತ್ತೆ ಮೊಹರಂ ಸಮಯದಲ್ಲಿ ಊರ ಮಸೂತಿಯ ಮುಂದೆ ಸೆರಗೊಡ್ಡಿ, 'ಇದೊಂದು ಉಳಿದರೆ ನಿನ್ನ ಹುಲಿ ಮಾಡುತ್ತೇನೆ' ಎಂದು ಹರಕೆ ಹೊತ್ತಿದ್ದರಂತೆ. ನಾವು ಲಿಂಗ ಕಟ್ಟಿಕೊಂಡ ಮನೆತನದವರು. ಆದರೆ ನಮ್ಮೂರಲ್ಲಿ ಮೊಹರಂನ ಅಲಾಯಿ ಹಬ್ಬ ಬಂತೆಂದರೆ ಯಾರದು ಯಾವ ಮನೆತನ ಎಂದು ಯಾರೂ ಕೇಳುವುದಿಲ್ಲ. ಕೂಸು ಉಳಿಯಿತು, ಫಕೀರನ ಹೆಸರು ಪಡೆಯಿತು, ನಡೆಯಲು ಕಲಿತ ವರ್ಷದಿಂದಲೇ ಹಬ್ಬಕ್ಕೆ ಹುಲಿಯಾಯಿತು.

ಮೈತುಂಬ ಹಳದಿ ಬಳಿದು, ಕರಿ ಪಟ್ಟೆ ಎಳೆದು, ಸೊಂಟಕ್ಕೆ ಹಗ್ಗ ಕಟ್ಟುವವರು ಇಮಾಮಸಾಬ ಅಣ್ಣ. ಇವರ ವಾರಿಗೆಯವರು, ಜೀವದ ಗೆಳೆಯರು. ಬಣ್ಣ ಹಚ್ಚಿದ ಮೇಲೆ ಒಳಗೆ ಖರೆಖರೆ ಹುಲಿ ಬಂದು ಕೂಡುತ್ತದೆಂದು ನಮ್ಮೂರ ನಂಬಿಕೆ. ಹಬ್ಬ ಮುಗಿದ ದಿನ ಕೆರೆಯ ದಂಡೆಯಲ್ಲಿ, ಹಗ್ಗ ಕಟ್ಟಿದವರೇ ಹಣೆಯ ಮೇಲೆ ಕೈಯಿಟ್ಟು, 'ಹುಲಿರಾಯಾ, ಈ ಮನಷ್ಯಾನ್ನ ಬಿಡ್ತೀಯೇನು?' ಎಂದು ಕೇಳಬೇಕು. ಹುಲಿ ತಲೆ ಬಗ್ಗಿಸಿದರೆ ಒಪ್ಪಿಗೆ. ಆಮೇಲೆ ಹಗ್ಗ ಬಿಚ್ಚಿ ಬಣ್ಣ ತೊಳೆಯುತ್ತಾರೆ. ಒಪ್ಪಿಗೆ ಇಲ್ಲದೆ ತೊಳೆದರೆ ಹುಲಿ ಮೈಯಲ್ಲೇ ಉಳಿದುಬಿಡುತ್ತದೆ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಅದೇ ದಂಡೆಯಲ್ಲಿ ಇಮಾಮಸಾಬ ಅಣ್ಣ ಕೈ ಎತ್ತಿದವರು ಎದೆ ಹಿಡಿದುಕೊಂಡು ಕುಸಿದರು. ಇನ್ನೂ ಕೇಳಿರಲಿಲ್ಲ. ಜನ ಅವರ ಕಡೆ ಓಡಿದರು. ಆ ಗದ್ದಲದಲ್ಲಿ ಯಾರೋ ಇವರ ಹಗ್ಗ ಕೊಯ್ದರು, ಯಾರೋ ನೀರು ಸುರಿದರು. ಇವರು ಅರ್ಧ ಹಳದಿ ಮೈಯಲ್ಲೇ ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಣ್ಣ ಅಲ್ಲೇ ತೀರಿಕೊಂಡರು. ಮರುವರ್ಷ ಇವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಚಿತ್ರ ಬರೆದು ತೋರಿಸಿದೆ. "ಡಾಕ್ಟರ್ ಹೇಳೂದು ಖರೇನ ಐತಿ ಕಸ್ತೂರಿ," ಎಂದರು ಇವರು. "ಆದ್ರ ಅದು ಯಾಕ ಹೆಪ್ಪುಗಟ್ಟಿತು ಅನ್ನೂದು ಅವರಿಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ." ಇಮಾಮಸಾಬರ ಮಗ ದಾವಲಸಾಬನನ್ನು ಕರೆಸಿ, ನೀನೇ ಕೇಳಿಬಿಡು ಎಂದರು. ಅವನು ತಲೆ ಕೆರೆದುಕೊಂಡ. "ನಾ ಕಟ್ಟಿದ ಹಗ್ಗ ಅಲ್ಲ ಕಾಕಾ. ಕೇಳಾಂವ ಹ್ವಾದ. ಇನ್ನ ನೀವ ಹುಲಿನ್ನ ಕೇಳಬೇಕಷ್ಟ," ಎಂದ. ಸಮಾಧಾನಕ್ಕೆ ಹೇಳಿದ ಮಾತು. ಇವರು ಅದನ್ನೇ ಹಿಡಿದರು.

ಯಲ್ಲಾಪುರದ ಕಾಡಿನ ದಾರಿಯಲ್ಲಿ ಜೀವಮಾನವೆಲ್ಲ ಬಸ್ಸು ಓಡಿಸಿದವರು ಇವರು. ಒಂದು ಸಲವೂ ಹುಲಿ ಕಂಡವರಲ್ಲ. ಮೃಗಾಲಯಕ್ಕೆ ಕರೆದುಕೊಂಡು ಹೋದೆ. ಕಂದಕದಾಚೆ ನೆರಳಿನಲ್ಲಿ ಏನೋ ಒಂದು ಮಲಗಿತ್ತು, ಕಿವಿ ಮಾತ್ರ ಕಂಡಿತು. "ಇಷ್ಟ ದೂರದಿಂದ ಹೆಂಗ ಕೇಳೂದು? ಹಣಿ ಮ್ಯಾಲೆ ಕೈ ಇಡಬೇಕಲ್ಲ," ಎಂದು ಸಪ್ಪೆ ಮುಖ ಮಾಡಿದರು. ಆಮೇಲೆ ನಮ್ಮ ಮಗಳು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಅವಳ ಪರಿಚಯದವರೊಬ್ಬರು ಥೈಲ್ಯಾಂಡಿನಲ್ಲಿ ಹುಲಿಯ ಬೆನ್ನಿಗೆ ಆತು ಕೂತು ಹಲ್ಲು ಕಿರಿಯುತ್ತಿದ್ದರು. ಆವತ್ತು ಇವರು ರೊಟ್ಟಿ ಬಿಟ್ಟೆದ್ದು ಆ ಫೋಟೋ ನೋಡಿದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಆಸೆ ಕಂಡೆ. ನನ್ನ ವಿಜ್ಞಾನವನ್ನು ಮಡಿಚಿ ಟ್ರಂಕಿನಲ್ಲಿಟ್ಟು, ಹೋಗೋಣ ಎಂದೆ.

ವಿಮಾನ

ಚಾಲಕರಾಗಿದ್ದವರನ್ನು ಬೇರೆಯವರ ಗಾಡಿಯಲ್ಲಿ ಕೂಡಿಸುವುದು ಬಲು ಕಷ್ಟ. ವಿಮಾನ ಏರಿದಾಗಿನಿಂದ ಇವರು ಬಲಗಾಲಿನಿಂದ ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದರು. ಮೋಡದಲ್ಲಿ ಕುಲುಕಿದಾಗ, "ರಸ್ತಾ ಚಲೋ ಇಲ್ಲ. ಗೇರ್ ಇಳಿಸಬೇಕಿತ್ತು," ಎಂದು ಗಟ್ಟಿಯಾಗಿ ಹೇಳಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಪ್ರವಾಸದ ಗುಂಪು ಕಟ್ಟಿಕೊಂಡು ನಮ್ಮನ್ನೆಲ್ಲ ಕರೆದೊಯ್ಯುತ್ತಿದ್ದವನು ಹುಬ್ಬಳ್ಳಿಯ ಹುಡುಗ ವಿನಾಯಕ. ಅವನು ಹಿಂದಿನಿಂದ ಬಗ್ಗಿ, "ಕಾಕಾರ, ಇದರಾಗ ಕಂಡಕ್ಟರ್ ನಾನ, ನೀವು ಆರಾಮ ಕುಂದರ್ರಿ," ಎಂದ.

ಇಳಿದ ಮೇಲೆ ನನ್ನ ಶೇಂಗಾ ಚಟ್ನಿಪುಡಿ ನಮ್ಮ ಮಾನ ಕಳೆಯಿತು. ಚೀಲ ತೆರೆಸಿದ ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದಳು. ಸೀನು ಹತ್ತಿದ್ದು ನಿಲ್ಲಲೇ ಇಲ್ಲ. ಅವಳು ಕಣ್ಣೊರೆಸಿಕೊಂಡು, ಇವರ ಜೋತುಬಿದ್ದ ಕೈ ನೋಡಿ, ಡಬ್ಬಿ ಮುಚ್ಚಿ ವಾಪಸು ಕೊಟ್ಟಳು. ನಮ್ಮ ಕಡೆಯ ಖಾರ ಕಂಡು ಪಾರಾದ ಪುಣ್ಯವತಿ.

ಬ್ಯಾಂಕಾಕ್

ಅಲ್ಲಿ ಪ್ರತಿ ಅಂಗಡಿಯ ಮುಂದೆ ಗೂಡಿನಂಥ ಪುಟ್ಟ ಗುಡಿ. ಒಳಗೆ ಆ ಜಾಗದ ದೇವತೆ ಇರುತ್ತದಂತೆ. ಅದಕ್ಕೆ ಹೂವು, ಊದಿನಕಡ್ಡಿ, ಜೊತೆಗೆ ಕೆಂಪು ಸೋಡಾದ ಬಾಟಲಿ, ಅದರಲ್ಲೊಂದು ಹೀರುವ ಕೊಳವೆ. ಇವರಿಗೆ ಬಹಳ ಮೆಚ್ಚಿಕೆಯಾಯಿತು. "ನೋಡು, ಕುಡಿಯಾಕ ತ್ರಾಸ ಆಗಬಾರದಂತ ನಳಿಗಿ ಸೈತ ಇಟ್ಟಾರ. ಇವರು ದೇವರನ್ನ ಮನಿ ಮಂದಿಗತೆ ಜ್ವಾಕಿ ಮಾಡ್ತಾರ," ಎಂದರು. ಪಾದಚಾರಿ ದಾರಿಯಲ್ಲಿ ಎಲ್ಲಿ ಗುಡಿ ಕಂಡರೂ ಎಡಗೈ ಎತ್ತಿ ನಮಸ್ಕರಿಸುತ್ತ ನಡೆದರು, ನಮ್ಮ ಗುಂಪಿನವರೆಲ್ಲ ಮುಂದೆ ಹೋಗಿ ಮರೆಯಾದರು.

ಅವರು ಕೈ ಜೋಡಿಸಿಯೇ ಮಾತು ಆರಂಭಿಸುವ ಜನ. ಇವರಿಗೆ ಎರಡು ಕೈ ಜೋಡಿಸಲಾಗದು. ಹಣ್ಣು ಮಾರುವ ಮುದುಕಿಯೊಬ್ಬಳು ಅದನ್ನು ಕಂಡಳು. ಗಾಡಿಯ ಹಿಂದಿನಿಂದ ಬಂದು, ಇವರ ಬಲಗೈಯನ್ನು ಎತ್ತಿ ಎಡಗೈಗೆ ಒತ್ತಿ ಹಿಡಿದು, ನಮಸ್ಕಾರ ಪೂರ್ತಿ ಮಾಡಿಸಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಪೇರಲ ಹೆಚ್ಚತೊಡಗಿದಳು. ನನಗೆ ದುಃಖ ಒತ್ತರಿಸಿ ಬಂತು. ಇವರು ಮಾತ್ರ ನಗುತ್ತಿದ್ದರು, ನಾಳೆ ಸರಿಹೋಗುವ ಕೈ ಅದು ಎಂಬ ಧೈರ್ಯದಲ್ಲಿ.

ಆವತ್ತು ವಿನಾಯಕ ಎಲ್ಲರಿಗೂ ಒಂದು ಮಾತು ಹೇಳಿದ. ಈ ದೇಶದಲ್ಲಿ ಯಾರ ತಲೆಯನ್ನೂ ಮುಟ್ಟಬಾರದು, ಅದು ದೊಡ್ಡ ಅವಮಾನ. ನಮ್ಮಲ್ಲಿ ಹಿರಿಯರು ತಲೆ ಮೇಲೆ ಕೈಯಿಡದಿದ್ದರೆ ಅವಮಾನ. ಇವರು ಮೆಲ್ಲಗೆ ನನ್ನ ಕಿವಿಯಲ್ಲಿ, "ಹುಲಿದೂ ಹಂಗ ಏನು?" ಎಂದು ಕೇಳಿದರು.

ಹುಲಿಗಳ ತೋಟ

ತೋಟ ಎಂದೇ ಕರೆಯಬೇಕು. ಬಾಗಿಲಲ್ಲಿ ಸಂಗೀತ, ಐಸ್‌ಕ್ರೀಮು, ಹುಲಿ ಮುಖದ ಟೋಪಿ. ಒಂದು ಕಡೆ ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಬಾಟಲಿ ಹಾಲು ಕುಡಿಸುವ ಸಾಲು. ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಮರಿ ಹೋಗುತ್ತಿತ್ತು, ಹಾಲಿನ ಬಾಟಲಿಯೂ ಜೊತೆಗೆ. ಮರಿ ಬಾಯಿ ಹಿಂದೆಳೆದುಕೊಂಡರೆ ಮತ್ತೆ ಬಾಟಲಿ. ಹೊಟ್ಟೆ ತುಂಬಿದ ಕೂಸಿಗೆ ತುರುಕಿ ತುರುಕಿ ಉಣಿಸಿದರೆ ನಮ್ಮ ಕಡೆ ಅಜ್ಜಿಯಂದಿರು ಬೈಯುತ್ತಾರೆ. ಇಲ್ಲಿ ಬೈಯಲು ಆ ಮರಿಗಳಿಗೆ ತಾಯಿಯೂ ಹತ್ತಿರ ಇರಲಿಲ್ಲ.

ದೊಡ್ಡ ಫಲಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಕಾಡಿನಲ್ಲಿ ಹುಲಿ ಅಳಿಯುತ್ತಿದೆ, ನಾವು ಉಳಿಸುತ್ತಿದ್ದೇವೆ, ನೋಡಿದವರು ಪ್ರೀತಿಸುತ್ತಾರೆ, ಪ್ರೀತಿಸಿದವರು ಕಾಪಾಡುತ್ತಾರೆ. ನಾನು ಓದಿ ಹೇಳಿದೆ. ತಪ್ಪು ಹುಡುಕುವಂಥ ಮಾತಲ್ಲ, ನಾನೂ ತರಗತಿಯಲ್ಲಿ ಇದನ್ನೇ ಹೇಳುತ್ತಿದ್ದೆ. ಇವರು ವಿನಾಯಕನನ್ನು ಕೇಳಿದರು. "ಇಲ್ಲಿ ಹುಟ್ಟಿದವು ಎಷ್ಟು ಕಾಡಿಗೆ ಹೋಗ್ಯಾವು?"

"ಒಂದೂ ಇಲ್ರಿ ಕಾಕಾ. ಬಿಟ್ಟರೆ ಬೇಟಿ ಆಡಾಕ ಬರೂದಿಲ್ಲ, ಹಸದು ಸಾಯ್ತಾವು."

"ಹಂಗಾದ್ರ ಉಳಿಸಿದ್ದು ಏನನ್ನ?"

ನಾನು ಹಿಂದೆ ನಮ್ಮ ತಾಲೂಕಿನ ದೇವಿಕೊಪ್ಪದ ಕಡೆ ನಡೆದದ್ದನ್ನು ನೆನೆಯುತ್ತಿದ್ದೆ. ಒಮ್ಮೆ ಹೊಲದ ಬದುವಿನಲ್ಲಿ ಹುಲಿಹೆಜ್ಜೆ ಕಂಡಿದೆಯೆಂದು ಸುದ್ದಿ ಹಬ್ಬಿ, ನಮ್ಮ ಜನ ಪಟಾಕಿ ಹೊಡೆದರು, ಹಿಡಿದು ಮೃಗಾಲಯಕ್ಕೆ ಕಳಿಸಿ ಎಂದು ಕೂಗಾಡಿದರು. ಹುಲಿಯ ಬಾಯಿಗೆ ಆಕಳು ಕಳೆದುಕೊಂಡವನ ಸಂಕಟ ಸುಳ್ಳಲ್ಲ. ಆದರೆ ಅಲಾಯಿ ಹಬ್ಬಕ್ಕೆ ಹುಲಿಯ ಕಾಲಿಗೆ ಬೀಳುವವರೂ ಅವರೇ. ನಮಗೆ ಬಣ್ಣದ ಹುಲಿ ಬೇಕು, ಬೋನಿನ ಹುಲಿ ಬೇಕು, ಬದುವಿಗೆ ಬರುವ ಹುಲಿ ಬೇಡ. ಅಲ್ಲಿ ನಿಂತು ಆ ದೇಶದವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಸಿಮೆಂಟಿನ ಕಟ್ಟೆಯ ಮೇಲೆ ಹುಲಿ ಮಲಗಿತ್ತು. ಕೊರಳಿಗೆ ಗಿಡ್ಡ ಸರಪಳಿ. ಜನ ಒಬ್ಬೊಬ್ಬರಾಗಿ ಹಿಂದಿನಿಂದ ಬಂದು ಬೆನ್ನಿಗೆ ಆತು ಕೂತು, ಬಾಲ ಎತ್ತಿ ಹೆಗಲ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮುಂದೆ ಹೋಗುವಂತಿಲ್ಲ, ತಲೆ ಮುಟ್ಟುವಂತಿಲ್ಲ. ಕಾವಲಿನವನು ನಡುವಯಸ್ಸಿನ ಗಟ್ಟಿ ಆಳು, ಕೈಯಲ್ಲಿ ತೆಳ್ಳಗಿನ ಬಿದಿರು ಕೋಲು. ಹುಲಿಯ ಹೆಸರು ಸೋಮ್ ಎಂದ. ಅವರ ಮಾತಿನಲ್ಲಿ ಕಿತ್ತಳೆ ಹಣ್ಣಂತೆ. ಮರಿಯಿದ್ದಾಗ ತಾನೇ ಹಾಲು ಕುಡಿಸಿ ಸಾಕಿದ್ದು ಎಂದು ಎದೆ ಮುಟ್ಟಿಕೊಂಡ. ಆ ಹೆಮ್ಮೆಯಲ್ಲಿ ಕಪಟ ಇರಲಿಲ್ಲ. ನಮ್ಮ ಸರದಿ ಬರುವವರೆಗೆ ಇವರು ವಿನಾಯಕನ ಮೂಲಕ ಅವನನ್ನು ಮಾತಾಡಿಸಿದರು.

"ಸರಪಳಿ ಯಾವಾಗ ಬಿಚ್ಚತಾರಂತ?"

"ಸಂಜೀಕ, ಬೋನಿಗೆ ಹಾಕೂವಾಗಂತ್ರಿ."

"ವಯಸ್ಸಾದ ಮ್ಯಾಲೆ?"

ವಿನಾಯಕ ಕೇಳಿ ತಿಳಿದು ಹೇಳಿದ. "ಆಗ ಕಟ್ಟಿ ಮ್ಯಾಲೆ ಬ್ಯಾರೆ ಹುಲಿ ಬರ್ತೈತಂತ. ಇದು ಹಿಂದಿನ ಬೋನಿನ್ಯಾಗ ಇರತೈತಿ, ಸಾಯೂ ತನಕ."

ಹಣೆ ಮುಟ್ಟಬೇಕು ಎಂದಾಗ ಕಾವಲಿನವನು ಆಗದು ಎಂದು ಕೈಯಾಡಿಸಿದ. ನಾನು ಮುಂದೆ ಹೋಗಿ ಇವರ ಬಲಗೈಯನ್ನು ಎತ್ತಿ ತೋರಿಸಿದೆ, ಅದು ಹಾಗೇ ಕೆಳಗೆ ಬಿತ್ತು. ನನಗೆ ಬರುವ ಹರಕು ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಮಕ್ಕಳಿಗೆ ಮೂಢನಂಬಿಕೆ ಬಿಡಿ ಎಂದು ಹೇಳಿದ ನಾಲಿಗೆಯಿಂದಲೇ ಬೇಡಿಕೊಂಡೆ. ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕೊನೆಗೆ, ಹೆಂಡತಿ ಬೇಡ, ಇವರೊಬ್ಬರೇ ಬರಲಿ ಎಂದು ಸನ್ನೆ ಮಾಡಿದ.

ಇವರು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ಕಾವಲಿನವನು ಹುಲಿಯ ಮೂಗಿನ ಮುಂದೆ ಕೋಲು ಹಿಡಿದು ನಿಂತ. ಇವರು ಎಡಗೈಯನ್ನು ಅದರ ಹಣೆಯ ಮೇಲೆ, ಎರಡು ಕಣ್ಣುಗಳ ನಡುವಿನ ಕರಿ ಗೆರೆಗಳ ಮೇಲಿಟ್ಟರು. ಬಾಯಿ ಅಲ್ಲಾಡಿತು. ಹುಲಿ ಕಣ್ಣೆತ್ತಿ ಇವರನ್ನು ನೋಡಿತು. ತಲೆ ಸ್ವಲ್ಪ ಮೇಲೆದ್ದಿತು. ಕೋಲಿನ ತುದಿ ಮೂಗಿಗೆ ತಟ್ಟೆಂದು ತಾಗಿತು. ಹುಲಿ ತಲೆ ಬಗ್ಗಿಸಿತು.

ನಮ್ಮ ಗುಂಪಿನವರೆಲ್ಲ ಚಪ್ಪಾಳೆ ಹೊಡೆದರು. ಬರುವಾಗ ದಾರಿಯಲ್ಲಿ ವಿನಾಯಕ ಎಲ್ಲರಿಗೂ ಕಥೆ ಹೇಳಿಬಿಟ್ಟಿದ್ದ. "ಒಪ್ಪಿಗಿ ಆತ್ರಿ ಕಾಕಾ, ಒಪ್ಪಿಗಿ ಆತು!" ಎಂದು ಕೂಗಿದ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇವರು ಕಟ್ಟೆ ಇಳಿಯಲು ನಾನು ಹೆಗಲು ಕೊಟ್ಟೆ. ಇವರು ನನ್ನನ್ನು ನೋಡದೆ ಚಪ್ಪಲಿ ಹುಡುಕಿದರು.

ಬಸ್ಸು

ವಾಪಸಾಗುವಾಗ ಬಸ್ಸಿನಲ್ಲಿ ಎಲ್ಲರೂ ತಮ್ಮ ತಮ್ಮ ಫೋಟೋ ನೋಡುತ್ತ ಗಲಗಲ ಮಾಡುತ್ತಿದ್ದರು. ಇವರು ಕಿಟಕಿಯ ಕಡೆ ತಿರುಗಿದ್ದರು. ಎರಡೂ ಬದಿಗೆ ಅನಾನಸಿನ ಹೊಲಗಳು, ಮಳೆ ಬಿದ್ದ ಕೆಂಪು ಮಣ್ಣು, ನಮ್ಮ ಕಲಘಟಗಿ ಕಡೆಯ ಮಣ್ಣಿನದೇ ಬಣ್ಣ.

"ಕೋಲು ನೋಡಿದಿಯಿಲ್ಲೋ ನೀನು?" ಎಂದು ಕೇಳಿದರು.

"ಯಾವ ಕೋಲ್ರಿ?" ಎಂದೆ.

"ಕಸ್ತೂರಿ, ನನ್ನ ಮುಂದ ಬ್ಯಾಡ."

ನಾನೂ ನೋಡಿದ್ದೆ. ತಟ್ಟೆಂದ ಸಪ್ಪಳವೂ ಕೇಳಿತ್ತು.

"ಕೋಲಿಗೆ ಅಂಜಿ ತಲಿ ಬಗ್ಗಿಸಿದ್ದು ಒಪ್ಪಿಗಿ ಆಗೂದಿಲ್ಲ," ಎಂದರು.

"ಆದದ್ದು ಆತು. ತಲಿ ಬಗ್ಗಿಸಿತಿಲ್ಲೋ? ಅಷ್ಟು ಸಾಕ್ರಿ. ಇಮಾಮಸಾಬಣ್ಣ ಕೇಳಿದಾಗ ನೀವು ಬಗ್ಗಿಸತಿದ್ರಲ್ಲ, ಅದರಂಗ ಇದು. ನೀವು ಸುದ್ದ ಅವರ ಮಾತಿಗೆ ಬಗ್ಗಿಸತಿದ್ರಿ."

"ಇಮಾಮನ ಕೈಯಾಗ ಕೋಲು ಇರತಿದ್ದಿಲ್ಲ." ಇವರ ದನಿ ಏರಿತು. ಮುಂದಿನವರು ತಿರುಗಿ ನೋಡಿದರು. "ಅಂವ ಕೇಳಿ ಸುಮ್ಮನ ನಿಂದರತಿದ್ದ. ಎಷ್ಟೊತ್ತಾದ್ರೂ ನಿಂದರತಿದ್ದ. ಒಂದ ವರ್ಷ ನಾನು ಭಾಳ ಹೊತ್ತು ತಲಿ ಬಗ್ಗಿಸಲೇ ಇಲ್ಲ, ಮಳಿಯಾಗ ನನ್ನ ಕೂಡ ತೊಯ್ಕೋತ ನಿಂತಾಂವ. ಒಲ್ಲೆ ಅನ್ನಾಕ ಜಾಗಾ ಇತ್ತು ನನಗ. ಈ ಸೋಮಗ ಎಲ್ಲೈತಿ?"

ನನಗೆ ಸಿಟ್ಟು ಬಂತು. ಇಷ್ಟು ದೂರ ಬಂದಿದ್ದೇವೆ, ಒಂದು ಸುಳ್ಳು ಸಮಾಧಾನವನ್ನಾದರೂ ಇಟ್ಟುಕೊಳ್ಳಬಾರದೇ ಈ ಮನುಷ್ಯ? ನಿಮ್ಮ ಕೈ ಯಾರಿಗಾಗಿ ಸರಿಹೋಗಬೇಕೆಂದು ತಿಳಿದಿದ್ದೀರಿ, ಅಂಗಿಯ ಗುಂಡಿ ಹಾಕುವವಳು ನಾನು, ತುತ್ತು ಕಲಸಿ ಕೊಡುವವಳು ನಾನು, ನಿದ್ದೆಯಲ್ಲಿ ನೀವು ಹಗ್ಗ ಹಗ್ಗ ಎಂದು ಕನವರಿಸಿದರೆ ಎಚ್ಚರಾಗುವವಳು ನಾನು, ಎಂದೆಲ್ಲ ಅಂದುಬಿಟ್ಟೆ. ಬಸ್ಸಿನಲ್ಲಿ ಅತ್ತೆ. ಪರದೇಶದಲ್ಲಿ ಅತ್ತರೆ ಯಾರೂ ಪರಿಚಯದವರಿಲ್ಲವೆಂದು ಧಾರಾಳವಾಗಿ ಅಳಬಹುದು.

ಇವರು ಎಡಗೈಯಿಂದ ನನ್ನ ಕೈ ಹಿಡಿದರು. "ತಿಳಿತೈತಿ ನನಗ. ಆದ್ರ ತಾನ ಬಿಡುಗಡಿ ಕಾಣದ್ದು ನನಗ ಬಿಡುಗಡಿ ಎಲ್ಲಿಂದ ಕೊಡತೈತಿ ಹೇಳು. ಅದನ್ನ ಕೇಳಿದ್ದ ತಪ್ಪಾತು ನನ್ನದು. ಅದರ ಹಣಿ ಅಗದಿ ಬೆಚ್ಚಗ ಇತ್ತು ನೋಡು, ಜ್ವರ ಬಂದ ಕೂಸಿನ ಹಣಿಗತೆ."

ಮರುದಿನ ಎಲ್ಲರೂ ಸಮುದ್ರಕ್ಕೆ ಹೋದರು. ನಾವೂ ಹೋದೆವು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತೆವು. ಸಮುದ್ರ ಚೆನ್ನಾಗಿತ್ತು ಎಂದು ಬರೆಯಬೇಕು, ಚೆನ್ನಾಗಿಯೇ ಇತ್ತು. ನನಗೆ ಅದರಲ್ಲಿ ಏನೂ ನೆನಪಿಲ್ಲ.

ಮತ್ತೆ ದುಮ್ಮವಾಡ

ಊರಿಗೆ ಬಂದ ಮೇಲೆ ಮನೆಗೆ ಜನವೋ ಜನ. ವಿನಾಯಕ ಕಳಿಸಿದ ಫೋಟೋ ನಮಗಿಂತ ಮೊದಲೇ ಊರು ಮುಟ್ಟಿತ್ತು. ಹುಲಿ ತಲೆ ಬಗ್ಗಿಸಿದ್ದನ್ನು ಎಲ್ಲರೂ ಕಂಡಿದ್ದರು. ಕೋಲು ಫೋಟೋದಿಂದ ಹೊರಗುಳಿದಿತ್ತು. ಕೈ ಎತ್ತರಿ ನೋಡೂಣು, ಬೆರಳು ಅಲ್ಲಾಡಿಸ್ರಿ ಎನ್ನುವವರು, ಬಂದ ಹಾಗೇ ಕಾಲು ಮುಟ್ಟಿ ನಮಸ್ಕರಿಸುವವರು. ಇವರು ಎಲ್ಲರಿಗೂ ಒಂದೇ ಮಾತು ಹೇಳಿದರು. "ಹುಲಿ ಒಪ್ಪಲಿಲ್ಲ." ಫೋಟೋ ತೋರಿಸಿ ವಾದ ಮಾಡಿದವರಿಗೂ ಅದನ್ನೇ ಹೇಳಿದರು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಕೆಲವರು ಆಡಿಕೊಂಡರು. ಕೈ ಹಾಗೇ ಇದೆ. ದಿನಾ ಬೆಳಗ್ಗೆ ಎಣ್ಣೆ ಬಿಸಿ ಮಾಡಿ ತಿಕ್ಕುತ್ತೇನೆ.

ಈ ಸಲದ ಅಲಾಯಿ ಹಬ್ಬಕ್ಕೆ ಇವರು ಹೊರಗೆ ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಬೆಳಗ್ಗೆ ತಾವೇ ಎದ್ದು, ಮಸೂತಿಗೆ ಹೋಗೂಣು, ಸಕ್ಕರಿ ಓದಿಸೂದೈತಿ ಎಂದರು. ಹಬ್ಬದಲ್ಲಿ ಸಕ್ಕರೆ ಓದಿಸುವುದು ನಮ್ಮಲ್ಲಿ ಎಲ್ಲ ಮನೆಯವರೂ ಮಾಡುವಂಥದ್ದು. ಯಾರ ಹೆಸರಿಗೆ, ಏನು ಬೇಡಬೇಕು ಎಂದು ಹೇಳಿ ಸಕ್ಕರೆ ಕೊಟ್ಟರೆ, ಹಬ್ಬಕ್ಕೆ ಕೂಡಿಸಿದ ಲೋಹದ ಹಸ್ತದ, ಅಂದರೆ ಪಂಜಾದ, ಮುಂದೆ ಓದಿ ಬೇಡಿಕೊಂಡು, ನೆರೆದವರಿಗೆಲ್ಲ ಹಂಚುತ್ತಾರೆ. ಕೈಗಾಗಿ ಬೇಡುತ್ತಾರೆಂದು ನನಗೆ ಒಳಗೊಳಗೇ ಸಂತೋಷವಾಯಿತು. ಅಂಗಡಿಗೆ ಹೋಗಿ ಒಳ್ಳೆಯ ಸಕ್ಕರೆ ತಂದೆ.

ಈಗ ಓದುವವನು ದಾವಲಸಾಬ. ಇವರನ್ನು ನೋಡಿ ಎದ್ದು ಬಂದು, ಕೈ ಹಿಡಿದು ಚಾಪೆಯ ಮೇಲೆ ಕೂಡಿಸಿದ. ಸಕ್ಕರೆಯ ಪೊಟ್ಟಣ ತೆಗೆದುಕೊಂಡು, "ನಿಮ್ಮ ಹೆಸರಿಗೇನ್ರಿ ಕಾಕಾ?" ಎಂದ.

"ನನ್ನ ಹೆಸರಿಗಲ್ಲ. ಸೋಮ ಅಂತ. ಅವನ ಹೆಸರಿಗೆ."

"ಯಾರ್ರಿ ಅಂವ? ನಿಮ್ಮ ಬೀಗರ ಪೈಕಿಯೇನು?"

ಇವರು ಹೇಳಿದರು. ಸುತ್ತ ಕೂತವರಲ್ಲಿ ಒಬ್ಬಿಬ್ಬರು ನಕ್ಕರು. ದಾವಲಸಾಬ ನಗಲಿಲ್ಲ. ಸಕ್ಕರೆಯನ್ನು ತಟ್ಟೆಗೆ ಸುರಿದುಕೊಂಡು, "ಆತ್ರಿ. ಏನಂತ ಬೇಡ್ಕೊಳ್ಳಿ?" ಎಂದು ಕೇಳಿದ.

"ಲಗೂನ ಸಾಯಲಿ ಅಂತ ಬೇಡ್ಕೊಪಾ," ಎಂದರು ನಮ್ಮ ಮನೆಯವರು.

ದಾವಲಸಾಬ ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತ ಕೂತ. ಹಬ್ಬದ ದಿನ ಸಾವು ಬೇಡುವ ಸಕ್ಕರೆಯನ್ನು ಅವನು ಓದಿರಲಿಲ್ಲ, ಅವನ ಅಪ್ಪನೂ ಓದಿರಲಿಕ್ಕಿಲ್ಲ. ಇವರು ಅವಸರ ಮಾಡಲಿಲ್ಲ. ಆಮೇಲೆ ಅವನು ಕಣ್ಣು ಮುಚ್ಚಿ ಓದಿದ. ಸಕ್ಕರೆ ಹಂಚಿದರು. ನನ್ನ ಅಂಗೈಗೂ ಒಂದು ಚಿಟಿಕೆ ಬಿತ್ತು, ಅದನ್ನು ಬಾಯಿಗೆ ಹಾಕಿಕೊಳ್ಳಲು ನನ್ನಿಂದ ಆಗಲಿಲ್ಲ.